ಅಪ್‌ಡೇಟ್: ಫೈಲ್ ಡೈಲಾಗ್ ಈಗ ತೆರೆಯುತ್ತಿದೆ, ತೊಂದರೆ ಇದ್ದದ್ದು ಬಫರ್‌ನಲ್ಲಿ

ಪ್ರಶ್ನೆ ಇದಾಗಿತ್ತು: ವಿಂಡೋಸ್‌ನ ಸಿ ಪ್ರೋಗ್ರಾಂನಲ್ಲಿ, ಫೈಲ್ ಆರಿಸುವ ಡೈಲಾಗ್ ತೆರೆಯುವ ಫಂಕ್ಷನ್ ಆದ ಗೆಟ್‌ಓಪನ್‌ಫೈಲ್‌ನೇಮ್‌ಡಬ್ಲ್ಯೂ ಕರೆದರೆ ಡೈಲಾಗ್ ಕಾಣಿಸದೆ ನೇರವಾಗಿ 0 ಬರುತ್ತದೆ, ಏಕೆ?

ಬಳಕೆದಾರ ಕ್ಯಾನ್ಸಲ್ ಒತ್ತಿದರೂ 0, ಕರೆ ವಿಫಲವಾದರೂ 0. ವ್ಯತ್ಯಾಸ ತಿಳಿಯಬೇಕಾದರೆ ತಕ್ಷಣ ಕಾಮ್‌ಡಿಎಲ್‌ಜಿ‌ಎಕ್ಸ್‌ಟೆಂಡೆಡ್‌ಎರರ್ ಕರೆಯಬೇಕು. ಅದೂ 0 ಕೊಟ್ಟರೆ ಕ್ಯಾನ್ಸಲ್. ಇಲ್ಲಿ ಬಂದದ್ದು ಹೆಕ್ಸ್ 3002, ಅಂದರೆ ಫೈಲ್ ಹೆಸರು ಅಮಾನ್ಯ. ಹೆಸರಿನ ಬಫರ್‌ನಲ್ಲಿ (ಆರಿಸಿದ ಫೈಲ್‌ನ ಹೆಸರು ಬಂದು ಕೂರುವ ಮೆಮೊರಿ ಜಾಗ) ಮೊದಲೇ ಇರುವುದನ್ನು ಡೈಲಾಗ್ ಆರಂಭದ ಹೆಸರೆಂದು ಓದುತ್ತದೆ. ಸ್ಟ್ಯಾಕ್ ಮೇಲಿನ ಬಫರ್‌ನಲ್ಲಿ ಕಸ ತುಂಬಿತ್ತು. ಮೊದಲ ಅಕ್ಷರಕ್ಕೆ 0 ಹಾಕಿದೊಡನೆ ಡೈಲಾಗ್ ಬಂತು. ಫಂಕ್ಷನ್‌ಗೆ ಕೊಡುವ ಸ್ಟ್ರಕ್ಚರ್ ಅನ್ನೂ ಮೊದಲು ಪೂರ್ತಿ ಸೊನ್ನೆ ಮಾಡಿ, ಅದರ ಎಲ್‌ಸ್ಟ್ರಕ್ಟ್‌ಸೈಜ್ ಫೀಲ್ಡ್‌ಗೆ ಸ್ಟ್ರಕ್ಚರ್‌ನ ಸೈಜ್‌ಆಫ್ (ಬೈಟ್‌ಗಳಲ್ಲಿ ಗಾತ್ರ) ಕೊಡಿ.

ಅದೇ ಸ್ಟ್ರಕ್ಚರ್‌ನಲ್ಲಿ ಬಫರ್‌ನ ಅಳತೆ ಹೇಳುವ ಎನ್‌ಮ್ಯಾಕ್ಸ್‌ಫೈಲ್ ಅಕ್ಷರಗಳ ಲೆಕ್ಕ, ಬೈಟ್‌ಗಳದ್ದಲ್ಲ. 260 ಅಕ್ಷರಗಳ ವೈಡ್ (ಅಕ್ಷರಕ್ಕೆ 2 ಬೈಟ್) ಬಫರ್‌ಗೆ ಸೈಜ್‌ಆಫ್ ಕೊಟ್ಟರೆ 520 ಆಗುತ್ತದೆ. ಉದ್ದದ ಪಾಥ್ ಬಂದ ದಿನ ಮೆಮೊರಿ ಕೆಡುತ್ತದೆ. ಅಲ್ಲಿಯವರೆಗೆ ಎಲ್ಲ ಸರಿಯಿದ್ದಂತೆಯೇ ತೋರುವುದು ಇದರ ಕೆಟ್ಟ ಗುಣ.

ಯಾವ ಬಗೆಯ ಫೈಲ್ ತೋರಿಸಬೇಕೆಂದು ಹೇಳುವ ಫಿಲ್ಟರ್ ಸ್ಟ್ರಿಂಗ್ ಎರಡು ನಲ್‌ಗಳಿಂದ (ಸೊನ್ನೆ ಬೆಲೆಯ ಅಕ್ಷರ) ಮುಗಿಯಬೇಕು. ಲಿಟರಲ್‌ನ ಕೊನೆಯಲ್ಲಿ ಒಂದು ಬ್ಯಾಕ್‌ಸ್ಲ್ಯಾಶ್ ಸೊನ್ನೆ ಬರೆಯಿರಿ, ಇನ್ನೊಂದನ್ನು ಕಂಪೈಲರ್ ತಾನೇ ಸೇರಿಸುತ್ತದೆ. ಮಿಂಗ್‌ಡಬ್ಲ್ಯೂ ಕಂಪೈಲರ್ ಬಳಸುವವರು ಕಾಮ್‌ಡಿಎಲ್‌ಜಿ32 ಲೈಬ್ರರಿಯನ್ನು ಲಿಂಕ್ ಮಾಡಬೇಕು.

ಸಿಕ್ಕ ಪಾಥ್ ಅನ್ನು ಎಫ್‌ಓಪನ್ ಬದಲು ಡಬ್ಲ್ಯೂಎಫ್‌ಓಪನ್‌ಗೆ (ಮುಂದೆ ಒಂದು ಅಂಡರ್‌ಸ್ಕೋರ್ ಸೇರಿಸಿ) ಕೊಡಿ. ಆಗ ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳೂ ತೆರೆಯುತ್ತವೆ.