ಸಮುದಾಯದತ್ತ ಶಾಲೆ ದಿನ ಬಹುಮಾನದ ಪಟ್ಟಿ ಓದುವುದನ್ನು ಬಿಟ್ಟು ಬೇರೇನು ಮಾಡಬಹುದು?

ಪ್ರಶ್ನೆ: ಗಣಿತ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ಮತ್ತು ಏಳನೇ ತರಗತಿಗೆ ಗಣಿತ, ವಿಜ್ಞಾನ ಕಲಿಸುತ್ತೇನೆ. ಪೋಷಕರನ್ನು ಶಾಲೆಗೆ ಕರೆದು ಮಕ್ಕಳ ಕಲಿಕೆ ತಿಳಿಸಲು ವರ್ಷದ ಕೊನೆಗೆ ನಡೆಯುವ ಸಮುದಾಯದತ್ತ ಶಾಲೆ ಕಾರ್ಯಕ್ರಮದ ಹೊಣೆ ಈ ಸಲ ನನ್ನ ಪಾಲಿಗೆ ಬಂದಿದೆ. ನಮ್ಮಲ್ಲಿ ನಡೆದುಕೊಂಡು ಬಂದಿರುವ ರೀತಿ ಹೀಗಿದೆ: ಪ್ರತಿಭಾ ಕಾರಂಜಿಯಲ್ಲಿ, ಕ್ರೀಡಾಕೂಟದಲ್ಲಿ ಗೆದ್ದವರ ಹೆಸರು ಓದುತ್ತೇವೆ, ತರಗತಿಗೆ ಮೊದಲು ಬಂದವರಿಗೆ ಒಂದು ತಟ್ಟೆಯನ್ನೋ ಪೆನ್ನನ್ನೋ ಕೊಡುತ್ತೇವೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಮಾತನಾಡುತ್ತಾರೆ, ವಂದನಾರ್ಪಣೆಯಾಗುತ್ತದೆ. ಉಳಿದ ಮಕ್ಕಳ ತಂದೆ ತಾಯಂದಿರು ಚಪ್ಪಾಳೆ ತಟ್ಟಿ, ಉತ್ತರಪತ್ರಿಕೆಯ ಮೇಲೆ ಸಹಿ ಹಾಕಿ ಎದ್ದು ಹೋಗುತ್ತಾರೆ. ಅರ್ಧ ದಿನದ ಕೂಲಿ ಬಿಟ್ಟು ಬಂದವರೇ ಅವರಲ್ಲಿ ಹೆಚ್ಚು.

ಈ ವರ್ಷ ನಮ್ಮ ಏಳನೇ ತರಗತಿಯ ಮಕ್ಕಳು ಮಾಡಿದ ಕೆಲಸವೊಂದು ಯಾವ ಪಟ್ಟಿಯಲ್ಲೂ ಬರುವಂಥದ್ದಲ್ಲ. ನಮ್ಮದು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದು. ಶೇಂಗಾ ಬಿತ್ತಿದವರ ಮನೆಯಲ್ಲಿ ಮಳೆಯ ಮಾತಿಲ್ಲದೆ ಊಟವೂ ಮುಗಿಯುವುದಿಲ್ಲ. ಹಾಗಾಗಿ ಜೂನ್‌ನಲ್ಲಿ ಮಕ್ಕಳೇ ಮಳೆಮಾಪಕ ಮಾಡಿದರು. ನೀರಿನ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಬಾಯಿಗೆ ಕೂರಿಸಿ, ಪಕ್ಕದಲ್ಲಿ ಅಳತೆಪಟ್ಟಿ ಅಂಟಿಸಿದರು. ಮೊದಲ ಮಳೆಗೇ ಜಗಳ ಶುರುವಾಯಿತು, ಒಬ್ಬೊಬ್ಬರ ಬಾಟಲಿಯಲ್ಲಿ ಒಂದೊಂದು ಅಳತೆ! ಕಾರಣ ಕಂಡುಹಿಡಿದವಳು ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗಿ. ಬಾಟಲಿಯ ತಳ ಸಮನಾಗಿಲ್ಲ, ಅಲ್ಲಿ ಉಬ್ಬು ತಗ್ಗುಗಳಿವೆ, ಅದು ಒಂದೊಂದು ಬಾಟಲಿಗೆ ಒಂದೊಂದು ಬಗೆ. ಅವಳು ತಳಕ್ಕೆ ನಾಲ್ಕು ಹರಳುಕಲ್ಲು ಹಾಕಿ, ತಗ್ಗು ಮುಚ್ಚುವಷ್ಟು ನೀರು ಸುರಿದು, ಆ ನೀರಿನ ಮಟ್ಟದಲ್ಲಿ ಸೊನ್ನೆಯ ಗುರುತು ಹಾಕಿದಳು. ಎಲ್ಲರೂ ಹಾಗೆಯೇ ಮಾಡಿದ ಮೇಲೆ ಮುಂದಿನ ಮಳೆಯ ಲೆಕ್ಕ ಹೆಚ್ಚುಕಡಿಮೆ ಒಂದಾಯಿತು. ಗಾಳಿಗೆ ಬಾಟಲಿ ಉರುಳುವುದೂ ನಿಂತಿತು.

ಆಮೇಲೆ ತಾರಸಿ ಅಳೆದರು: 12 ಮೀಟರ್ ಉದ್ದ, 7 ಮೀಟರ್ ಅಗಲ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 18 ಮಿಲಿಮೀಟರ್ ಸುರಿದ ರಾತ್ರಿ ನಮ್ಮ ತಾರಸಿಯ ಮೇಲೆ ಬಿದ್ದ 1,512 ಲೀಟರ್ ನೀರು ಚರಂಡಿ ಪಾಲಾಯಿತು ಎಂದು ಅವರೇ ಗುಣಿಸಿ ಹೇಳಿದರು. ಶಾಲೆಯ ತೊಟ್ಟಿ 1,000 ಲೀಟರಿನದು. ಒಬ್ಬ ಹುಡುಗ ತನ್ನ ಮನೆಯ ಶೀಟಿನ ಮಾಡನ್ನೂ ಅಳೆದುಕೊಂಡು ಬಂದ.

ಇದನ್ನು ಮನೆಯವರಿಗೆ ಮುಟ್ಟಿಸುವುದು ಹೇಗೆ? ನಾನು ನಿಂತು ಹೇಳಿದರೆ ನನ್ನ ಭಾಷಣವಾಗುತ್ತದೆ. ವೇದಿಕೆಗೆ ಕರೆದರೆ ಆ ಹುಡುಗಿ ತಲೆ ಎತ್ತುವುದಿಲ್ಲ. ಸಿಗುವುದು ಎರಡು ಗಂಟೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಮುಖ್ಯ ಶಿಕ್ಷಕಿ, ಕೊಪ್ಪಳ ಜಿಲ್ಲೆ

ವೇದಿಕೆಯನ್ನೇ ತೆಗೆದುಬಿಡಿ, ತಂಗಿ. ಮೈಕು, ಶಾಲು, ಹಾರ ಯಾವುದೂ ಬೇಡ. ಕೋಣೆಗಳಲ್ಲಿ ಜಮಖಾನ ಹಾಸಿ, ಪ್ರತಿ ಮಗುವೂ ತನ್ನ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಕೆಲಸವನ್ನು ತಾನೇ ತೋರಿಸಲಿ. ನೂರು ಜನರೆದುರು ನಡುಗುವ ಮಗು ಅವ್ವನ ಮುಂದೆ ಹರಳು ಹುರಿದಂತೆ ಮಾತನಾಡುತ್ತದೆ. ನಮ್ಮ ಶಾಲೆಯಲ್ಲಿ ವರ್ಷ ವರ್ಷವೂ ನೋಡಿದ್ದೇನೆ.

ಆದರೆ ಸಿದ್ಧತೆ ಬೇಕು. ಹಿಂದಿನ ವಾರವೇ ಪ್ರತಿ ಮಗುವೂ ಎರಡು ಪುಟ ಆರಿಸಿಕೊಳ್ಳಲಿ. ಒಂದು, ತನಗೆ ಹೆಮ್ಮೆ ಎನಿಸಿದ್ದು. ಇನ್ನೊಂದು, ಮೊದಲು ತಪ್ಪಾಗಿ ಆಮೇಲೆ ಸರಿಮಾಡಿದ್ದು. ತಪ್ಪಾದ ಪುಟವನ್ನು ಹರಿಯಲು ಬಿಡಬೇಡಿ, ಅದೂ ಪಕ್ಕದಲ್ಲೇ ಇರಲಿ. ಗೆಳೆಯರ ಮುಂದೆ ಒಮ್ಮೆ ಹೇಳಿ ರೂಢಿ ಮಾಡಿಕೊಳ್ಳಲಿ.

ನಮ್ಮಲ್ಲಿ ಮಕ್ಕಳ ಸಂತೆ ನಡೆದಾಗ ಏಳನೇ ತರಗತಿಯ ಹುಡುಗನೊಬ್ಬ ಹಿತ್ತಲಿನ ನುಗ್ಗೆ ಸೊಪ್ಪನ್ನು ಕಟ್ಟಿಗೆ 5 ರೂಪಾಯಿಯಂತೆ ಮಾರಿ 60 ರೂಪಾಯಿ ಎಣಿಸಿದ. ಮರುದಿನ ಲಾಭ ನಷ್ಟದ ಲೆಕ್ಕ. ಕೊಂಡ ಬೆಲೆ ಸೊನ್ನೆ, ಮಾರಿದ ಬೆಲೆ 60, ಲಾಭ 60 ಎಂದು ಬರೆದ. ಶೇಕಡಾ ಎಷ್ಟು ಎಂದಾಗ ಹಲಗೆಯ ಮುಂದೆ ನಿಂತುಬಿಟ್ಟ. ಕೊಂಡ ಬೆಲೆಯಿಂದ ಭಾಗಿಸಬೇಕು, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಆಗ ತರಗತಿಯೆಲ್ಲ ವಾದಕ್ಕೆ ನಿಂತಿತು. ಸೊಪ್ಪು ಬಿಡಿಸಿದವರು ಯಾರು? ಅವ್ವ. ಕಟ್ಟು ಕಟ್ಟಿದವರು? ಅಜ್ಜಿ. ಅವರಿಗೆ ಏನು ಕೊಟ್ಟೆ? ಕೊನೆಗೆ ಅವ್ವನ ಕೂಲಿ 30, ಅಜ್ಜಿಯ ಕೂಲಿ 10 ಎಂದು ಖರ್ಚಿಗೆ ಹಾಕಿ, 20 ರೂಪಾಯಿ ಲಾಭ, ಶೇಕಡಾ 50 ಎಂದು ಮುಗಿಸಿದ. ಪಾಲಕರು ಬಂದ ದಿನ ಆ ಪುಟವನ್ನೇ ಓದಿ ಹೇಳಿದ. ಆ ತಾಯಿಗೆ ಅಕ್ಷರ ಬಾರದು. ನನ್ನ ಕೂಲಿ ಬರೆದದ್ದು ಎಲ್ಲಿ, ಬೆರಳಿಟ್ಟು ತೋರಿಸು ಎಂದಳು. ಅವನು ತೋರಿಸಿದ ಮೇಲೆ, ಅಜ್ಜಿಯದು ಇಷ್ಟು ಕಡಿಮೆ ಯಾಕೆ ಎಂದು ಮಗನ ಜತೆ ವಾದಕ್ಕೇ ಇಳಿದಳು. ಭಾಷಣ ಕೇಳುತ್ತಾ ಕುಳಿತಿದ್ದರೆ ಆ ತಾಯಿ ಬಾಯಿ ತೆರೆಯುತ್ತಿದ್ದಳೇ?

ದಿನ ಇಲಾಖೆಯದು, ಆದರೆ ವೇಳೆಯನ್ನು ಮುಖ್ಯ ಶಿಕ್ಷಕರ ಜತೆ ಮಾತನಾಡಿ ಆದಷ್ಟು ಬೆಳಿಗ್ಗೆಗೆ ತನ್ನಿ. ಕೂಲಿಗೆ ಹೋಗುವವರಿಗೆ ಆ ಒಂದು ತಾಸು ದೊಡ್ಡದು.

ಉತ್ತರ 2: ವಿಜ್ಞಾನ ಶಿಕ್ಷಕ, ಶಿವಮೊಗ್ಗ

ಮೇಲಿನ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಪರೀಕ್ಷೆ, ಬಹುಮಾನಗಳ ಮಾತನ್ನು ಪೂರ್ತಿ ಕೈಬಿಡಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಡವರ ಮಕ್ಕಳಿಗೆ ಕೆಲವು ಸಾಧನೆಗಳು ನೇರವಾಗಿ ಹಣ ತರುತ್ತವೆ, ಆ ಮಾಹಿತಿ ಮನೆಗೆ ತಲುಪುವ ದಿನವೂ ಇದೇ.

ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯನ್ನೇ ನೋಡಿ. ಬರೆಯುವುದು ಎಂಟನೇ ತರಗತಿಯಲ್ಲಿ, ಆದರೆ ಏಳನೇ ತರಗತಿಯಲ್ಲಿ ಶೇಕಡಾ 55 ಅಂಕ ಇರಬೇಕು (ಪರಿಶಿಷ್ಟರಿಗೆ ಶೇಕಡಾ 50). ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಇದು ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಖಾಸಗಿ ಶಾಲೆಗೆ, ಸರ್ಕಾರದ ವಸತಿ ಶಾಲೆಗೆ ಹೋದ ಮಗುವಿಗೆ ಈ ಅವಕಾಶ ಇಲ್ಲ. ಏಳನೇ ತರಗತಿ ಮುಗಿಸಿ ಮುಂದೆ ಯಾವ ಶಾಲೆ ಎಂದು ಯೋಚಿಸುತ್ತಿರುವ ಪೋಷಕರಿಗೆ ಇದು ಆ ದಿನವೇ ಗೊತ್ತಾಗಬೇಕು.

ಇನ್ನೊಂದು ಮಾತು. ಶಾಲಾ ಮಕ್ಕಳ ಹೊಸ ಯೋಚನೆಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಯೋಜನೆ ಇನ್ಸ್‌ಪೈರ್ ಮಾನಕ್‌ಗೆ ಆರನೇ ತರಗತಿಯಿಂದಲೇ ಮಕ್ಕಳ ಯೋಚನೆಗಳನ್ನು ಕಳುಹಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ಬಾಟಲಿಯ ಮಳೆಮಾಪಕ ಹೊಸದಲ್ಲವಾದ್ದರಿಂದ ಅದನ್ನೇ ಕಳುಹಿಸಬೇಡಿ. ಆದರೆ ತಳದ ತಗ್ಗನ್ನು ಗಮನಿಸಿದ ಕಣ್ಣು ಆ ಹುಡುಗಿಯದು. ಮನೆಯಲ್ಲಿ, ಹೊಲದಲ್ಲಿ ನಿನಗೆ ಯಾವುದು ತೊಂದರೆ ಎನಿಸುತ್ತದೆ ಎಂದು ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿ. ಶೇಂಗಾ ಬಿಡಿಸುವ ಮನೆಯ ಮಗುವಿಗೆ ಹೇಳಲು ಬೇಕಾದಷ್ಟು ಇರುತ್ತದೆ.

ಉತ್ತರ 3: ಪೋಷಕ, ಮಂಡ್ಯ ಜಿಲ್ಲೆ

ನಾನು ಶಿಕ್ಷಕನಲ್ಲ, ಆರನೇ ತರಗತಿಯ ಹುಡುಗನ ತಂದೆ. ನಮ್ಮ ಮಗನ ಹಿಂದಿನ ಶಾಲೆಯಲ್ಲಿ ಅಂಕಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದರು. ಕಡಿಮೆ ಅಂಕದ ಮಕ್ಕಳ ಅಪ್ಪಂದಿರು ಮುಂದಿನ ಸಲ ಬರುತ್ತಲೇ ಇರಲಿಲ್ಲ. ದಯಮಾಡಿ ಆ ಪದ್ಧತಿ ಇದ್ದರೆ ನಿಲ್ಲಿಸಿ. ಈಗಿನ ಶಾಲೆಯಲ್ಲಿ ಮಗ ನನ್ನನ್ನು ಕೈತೋಟಕ್ಕೆ ಕರೆದುಕೊಂಡು ಹೋಗಿ ತಾನು ಬೆಳೆದ ಹೀರೆ ಬಳ್ಳಿ ತೋರಿಸಿದ. ವಾರ ವಾರ ಬಳ್ಳಿಯ ಉದ್ದ ಅಳೆದು ನಕ್ಷೆ ಬರೆದಿದ್ದ. ಒಂದು ವಾರ ಗೆರೆ ಮಲಗಿತ್ತು. ಯಾಕೆ ಎಂದೆ. ದಸರಾ ರಜೆಯಲ್ಲಿ ಯಾರೂ ನೀರು ಹಾಕಲಿಲ್ಲ ಎಂದ. ಭಾಷೆಯಲ್ಲಿ ಅವನಿಗೆ ಅಂಕ ಕಡಿಮೆಯೇ. ಆದರೂ ಅವತ್ತು ನಾನು ಅವನಿಂದ ಒಂದು ಪಾಠ ಕೇಳಿಸಿಕೊಂಡು ಬಂದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ವಂದನೆ. ಮುಖ್ಯ ಶಿಕ್ಷಕರ ಜತೆ ಮಾತನಾಡಿದೆ. ಬೆಳಿಗ್ಗೆ 8ಕ್ಕೆ ಶುರು ಮಾಡಲು ಒಪ್ಪಿದ್ದಾರೆ. ಗೆದ್ದವರ ಹೆಸರುಗಳನ್ನು ಬಾಗಿಲ ಪಕ್ಕದ ಗೋಡೆಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಎನ್‌ಎಂಎಂಎಸ್ ವಿವರವನ್ನು ಚೀಟಿಯಲ್ಲಿ ಬರೆದು ಮಕ್ಕಳೇ ಮನೆಯವರಿಗೆ ಓದಿ ಹೇಳುತ್ತಾರೆ. ಉಳಿದ ಸಮಯವೆಲ್ಲ ಜಮಖಾನದ ಮೇಲೆ. ಮಳೆಮಾಪಕಗಳು ಅಂಗಳದಲ್ಲಿರುತ್ತವೆ, ಪಕ್ಕದಲ್ಲಿ ಒಂದು ಬಿಂದಿಗೆ ನೀರು. ತಳದ ತಗ್ಗು ಏನು ಮಾಡುತ್ತದೆ ಎಂದು ಆ ಹುಡುಗಿ ನೀರು ಸುರಿದೇ ತೋರಿಸಬಹುದು, ಮಾತು ಕಡಿಮೆಯಾದರೂ ನಡೆಯುತ್ತದೆ.

ಒಂದು ತೊಡಕು ಉಳಿದಿದೆ. ಕೆಲವು ಮಕ್ಕಳ ತಂದೆ ತಾಯಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ. ಎಲ್ಲರ ಮನೆಯವರೂ ಬಂದಾಗ ಆ ಮಕ್ಕಳು ಯಾರಿಗೆ ತೋರಿಸಬೇಕು?

ಉತ್ತರ 1 ಬರೆದವರು

ಅಜ್ಜ ಅಜ್ಜಿ ಇದ್ದರೆ ಅವರಿಗೆ ನೀವೇ ಹೋಗಿ ಹೇಳಿಬನ್ನಿ, ಚೀಟಿ ಕಳುಹಿಸಿದರೆ ಸಾಲದು. ಅವರೂ ಇಲ್ಲದಿದ್ದರೆ ಬಿಸಿಯೂಟದ ಅಡುಗೆಯವರನ್ನು ಕೇಳಿ. ನಮ್ಮಲ್ಲಿ ಅವರೇ ಕುಳಿತು ಕೇಳುತ್ತಿದ್ದರು. ಯಾವ ಮಗು ಏನು ಉಣ್ಣುತ್ತದೆ, ಏನು ಬಿಡುತ್ತದೆ ಎಂಬುದೆಲ್ಲ ಗೊತ್ತಿರುವುದರಿಂದ ಮಕ್ಕಳಿಗೂ ಅವರ ಬಳಿ ಸಲಿಗೆ. ಎರಡು ದಿನ ಮುಂಚೆ ತಿಳಿಸಿ, ತರಕಾರಿಯನ್ನು ಹಿಂದಿನ ಸಂಜೆಯೇ ಹೆಚ್ಚಿಟ್ಟುಕೊಳ್ಳುತ್ತಾರೆ.