ಪೈಪ್ ಪ್ರಯೋಗದಲ್ಲಿ ಶಬ್ದದ ವೇಗ 285 ಬರುತ್ತಿದೆ, ಏನು ಮಾಡಿದರೂ ಏರುತ್ತಿಲ್ಲ

ಮಂಡ್ಯ_ಹೈದ:
ಮಗಳ ಪಿಯುಸಿ ಪ್ರಾಜೆಕ್ಟಿಗೆ ರೆಸೊನೆನ್ಸ್ ಪ್ರಯೋಗ. ನೀರು ತುಂಬಿದ ಡ್ರಮ್ಮಿನಲ್ಲಿ ಪಿವಿಸಿ ಪೈಪ್ ಇಳಿಸಿ, ಬಾಯಿಯ ಹತ್ತಿರ ಮೊಬೈಲ್ ಹಿಡಿದು 512 ಹರ್ಟ್ಸ್ ಟೋನ್ ಬಿಟ್ಟು, ಮೆಲ್ಲಗೆ ಮೇಲೆತ್ತುತ್ತೇವೆ. ನೀರಿನಿಂದ 13.9 ಸೆಂ.ಮೀ. ಮೇಲೆ ಬಂದಾಗ ಗುಂಯ್ ಅಂತ ಶಬ್ದ ಜೋರಾಗುತ್ತದೆ. ಅದರ 4 ಪಟ್ಟು ತರಂಗದ ಉದ್ದ, ಅಲ್ವಾ? ಲೆಕ್ಕ ಹಾಕಿದರೆ ಸೆಕೆಂಡಿಗೆ 285 ಮೀಟರ್! ಪುಸ್ತಕದಲ್ಲಿ 340ರ ಮೇಲಿದೆ. ಟೇಪ್ ಬದಲಿಸಿದೆ, ಮೊಬೈಲ್ ಬದಲಿಸಿದೆ. ಸೋಮವಾರ ಕೊಡಬೇಕು, ತಲೆ ಕೆಟ್ಟಿದೆ.

ಶ್ರುತಿಪೆಟ್ಟಿಗೆ:
ಆ್ಯಪ್ ಸರಿ ಇಲ್ಲ. ಟ್ಯೂನಿಂಗ್ ಫೋರ್ಕ್ ತನ್ನಿ.

ಕುಕ್ಕರಹಳ್ಳಿ:
ಟೆಂಪರೇಚರ್ ಎಷ್ಟು ಸ್ವಾಮಿ? ಅದು ಹೇಳದೆ ವೇಗ ಕೇಳಿದರೆ ಹೇಗೆ? ಡ್ರಮ್ಮಿನ ಹತ್ತಿರ ತೇವಾಂಶವೂ ಜಾಸ್ತಿ ಇರುತ್ತದೆ.

ಹಿತ್ತಾಳೆ_ಕೊಳವೆ:
ಪಿವಿಸಿಯೇ ತಪ್ಪು. ನಮ್ಮ ಲ್ಯಾಬಿನಲ್ಲಿ ಹಿತ್ತಾಳೆ ಟ್ಯೂಬ್ ಇತ್ತು. ಆ ನಾದವೇ ಬೇರೆ.

ಗಾಳಿಗೋಪುರ:
ಕುಕ್ಕರಹಳ್ಳಿ ಸರ್, 285 ಬರಬೇಕಾದರೆ ಮೈನಸ್ 70 ಡಿಗ್ರಿ ಇರಬೇಕು. ಮಂಡ್ಯದಲ್ಲಿ! ತೇವಾಂಶ ಇದ್ದರೆ ವೇಗ ಒಂಚೂರು ಏರುತ್ತದೆ, ಇಳಿಯುವುದಿಲ್ಲ. ಆ್ಯಪ್ ಕೆಟ್ಟಿದ್ದರೆ ಟೋನ್ 626ರ ಹತ್ತಿರ ಇರಬೇಕಿತ್ತು, ಅಂದರೆ ಸ ಹೋಗಿ ಗಾಂಧಾರ. ಕಿವುಡರಿಗೂ ಗೊತ್ತಾಗುತ್ತದೆ. ಪೈಪ್ ಎಷ್ಟು ಇಂಚಿನದು?

ಕುಕ್ಕರಹಳ್ಳಿ:
ಟೆಂಪರೇಚರ್ ಬರೆಯದಿದ್ದರೆ ಪ್ರಾಜೆಕ್ಟಿಗೆ ಮಾರ್ಕ್ಸ್ ಕೊಡಲ್ಲ. ಅಷ್ಟೇ ಹೇಳಿದ್ದು.

ಮಂಡ್ಯ_ಹೈದ:
4 ಇಂಚು. ಬಾತ್‌ರೂಮ್ ಕೆಲಸದಲ್ಲಿ ಉಳಿದದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಗಾಳಿಗೋಪುರ:
ಅದೇ ಸಂಬಂಧ! ಬಾಯಿಯ ಹೊರಗಿನ ಗಾಳಿಯೂ ಒಳಗಿನ ಗಾಳಿಯ ಜೊತೆ ಅಲ್ಲಾಡುತ್ತದೆ. ಹಾಗಾಗಿ ಪೈಪ್ ತನ್ನ ಅಳತೆಗಿಂತ ಉದ್ದ ಇದ್ದಂತೆ ನಡೆದುಕೊಳ್ಳುತ್ತದೆ, ಸುಮಾರು ವ್ಯಾಸದ 0.3ರಷ್ಟು. ನಿಮ್ಮದಕ್ಕೆ 3 ಸೆಂ.ಮೀ. ದಾಟುತ್ತದೆ. ನೀರಿನ ಕಡೆ ಈ ತಕರಾರಿಲ್ಲ. 1 ಇಂಚಿನ ಪೈಪ್ ಆಗಿದ್ದರೆ 1 ಸೆಂ.ಮೀ. ಒಳಗೇ ಮುಗಿಯುತ್ತಿತ್ತು. ಪೈಪ್ ಬದಲಿಸಬೇಡಿ. ಇನ್ನೂ ಮೇಲೆತ್ತಿ, ಎರಡನೇ ಗುಂಯ್ ಹಿಡಿಯಿರಿ. ಎರಡರ ವ್ಯತ್ಯಾಸ ಅರ್ಧ ತರಂಗ. ಕಳೆಯುವಾಗ ಬಾಯಿಯ ತಿದ್ದುಪಡಿ ತಾನೇ ಹೊರಟುಹೋಗುತ್ತದೆ.

ಹಿತ್ತಾಳೆ_ಕೊಳವೆ:
ಹಿತ್ತಾಳೆ ಆಗಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಗಾಳಿಗೋಪುರ:
4 ಇಂಚಿನ ಹಿತ್ತಾಳೆಗೂ ಇದೇ ಲೆಕ್ಕ. ಅಲ್ಲಾಡುವುದು ಗಾಳಿ, ಗೋಡೆಯಲ್ಲ.

ಮಂಡ್ಯ_ಹೈದ:
ಎರಡನೆಯದು 47.9ಕ್ಕೆ ಸಿಕ್ಕಿತು. ವ್ಯತ್ಯಾಸ 34. ವೇಗ 348!! ಮಗಳು ಕುಣಿಯುತ್ತಿದ್ದಾಳೆ.

ಕುಕ್ಕರಹಳ್ಳಿ:
28 ಡಿಗ್ರಿಗೆ ಸರಿಯಾಗಿ 348. ನಾನು ಕೇಳಿದ್ದು ಸುಮ್ನೆ ಅಲ್ಲ.

ಬೆಂಕಿಚೆಂಡು:
ಇದೆಲ್ಲ ಚಿಕ್ಕ ಆಟ. ನಾನು ಜಿಐ ಪೈಪಿಗೆ ಸಾಲಾಗಿ ತೂತು ಕೊರೆದು, ಗ್ಯಾಸ್ ಬಿಟ್ಟು, ತುದಿಗೆ ಸ್ಪೀಕರ್ ಕಟ್ಟಿ ರೂಬೆನ್ಸ್ ಟ್ಯೂಬ್ ಮಾಡಿದ್ದೇನೆ. ಸ್ಥಾಯಿ ತರಂಗ, ಅಂದರೆ ಪೈಪಿನೊಳಗೆ ಮುಂದೆ ಸಾಗದೆ ನಿಂತಲ್ಲೇ ಅಲ್ಲಾಡುವ ಶಬ್ದದ ಅಲೆ, ಬೆಂಕಿಯಲ್ಲೇ ಏರಿಳಿಯುವುದನ್ನು ನೋಡಬೇಕು. ಫೋಟೋ ಹಾಕಲಾ?

ಶ್ರುತಿಪೆಟ್ಟಿಗೆ:
ಹಾಕಿ. ಯಾವ ಆಂಪ್ಲಿಫೈಯರ್?

ಮಂಡ್ಯ_ಹೈದ:
ನಮ್ಮ 4 ಇಂಚಿಗೇ ತೂತು ಕೊರೆದರೆ ಆಗುತ್ತಾ?

ಗಾಳಿಗೋಪುರ:
ಪಿವಿಸಿಗೆ ಗ್ಯಾಸ್ ಬಿಟ್ಟು ಬೆಂಕಿ ಹಚ್ಚುತ್ತೀರಾ? ಬೇಡವೇ ಬೇಡ, ಕರಗಿಹೋಗುತ್ತದೆ. ಬೆಂಕಿ ಮಾತಿಗೆ ಬೇರೆ ಥ್ರೆಡ್ ಮಾಡಿ ಮಾರಾಯ್ರೇ.