ಬರ್ಮಿಂಗ್‌ಹ್ಯಾಮ್ ಊರೊಳಗಿನ 13 ಲಾಕ್: ಅಪ್ಪ ಅಮ್ಮನ ಜೊತೆ ದೋಣಿ ಇಳಿಸಬಹುದಾ?

ಕೊವೆಂಟ್ರಿ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಒಂದು ವಾರಕ್ಕೆ ನ್ಯಾರೋಬೋಟ್ (ಕಾಲುವೆಯಲ್ಲಿ ಓಡುವ ಉದ್ದನೆಯ ಕಿರಿದಾದ ದೋಣಿ) ಬಾಡಿಗೆಗೆ ಹಿಡಿದಿದ್ದೇವೆ. ಗ್ಯಾಸ್ ಸ್ಟ್ರೀಟ್ ಬೇಸಿನ್ ಕಡೆಯಿಂದ ಹೊರಟು, ಫಾರ್ಮರ್ಸ್ ಬ್ರಿಡ್ಜ್‌ನ 13 ಲಾಕ್ (ಎರಡು ಕಡೆ ಗೇಟ್ ಇರುವ, ನೀರು ತುಂಬಿಸಿ ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿ) ಇಳಿದು ಫೇಜ್ಲಿ ಕಡೆ ಹೋಗುವ ಯೋಚನೆ. ನಮ್ಮ ಮನೆಯವರು ಹಿಂದೆ ಸ್ನೇಹಿತರ ದೋಣಿ ನಡೆಸಿದ್ದಾರೆ. ನನಗೆ ಲಾಕ್ ಕೆಲಸ ಹೊಸದು. ಅಮ್ಮನಿಗೆ ಮಂಡಿನೋವು. ಅಪ್ಪ ಸುಮ್ನೆ ಕೂರುವವರಲ್ಲ. ನೀರಾವರಿ ಇಲಾಖೆಯಲ್ಲಿ ಇದ್ದವರು, ಈಗಿನಿಂದಲೇ ಫೋನಿನಲ್ಲಿ ಗೇಟಿನ ಅಳತೆ ಕೇಳುತ್ತಿದ್ದಾರೆ. ಎಷ್ಟು ಹೊತ್ತು ಬೇಕು? ಯಾರನ್ನು ಎಲ್ಲಿ ನಿಲ್ಲಿಸಬೇಕು? ಊರ ನಡುವೆ ಹೋಗುವುದು ಕ್ಷೇಮವಾ?

ಹಳೇ ಹಿಡಿಕೆ:
ಮೊದಲು ನಿಮ್ಮ ತಂದೆಯವರಿಗೆ ಅಳತೆ ಕೊಟ್ಟುಬಿಡುತ್ತೇನೆ. ಲಾಕಿನ ಅಗಲ ಸುಮಾರು 7 ಅಡಿ, ಉದ್ದ ಸುಮಾರು 72 ಅಡಿ. ದೋಣಿ 6 ಅಡಿ 10 ಇಂಚು, ಅಂದರೆ ಎರಡೂ ಬದಿ ಒಂದೊಂದು ಬೆರಳು ಜಾಗ. 13 ಸೇರಿ ಇಳಿಯುವುದು ಸುಮಾರು 80 ಅಡಿ, ತಲಾ 6 ಅಡಿ ಚಿಲ್ಲರೆ. ಎಂಜಿನಿಯರ್ ಜಾನ್ ಸ್ಮೀಟನ್, ಕಾಲುವೆ ತೆರೆದದ್ದು 1789ರಲ್ಲಿ. ಪ್ಯಾಡಲ್ ಅಂದರೆ ನಮ್ಮ ಕೆರೆ ತೂಬಿನ ಹಲಗೆಯೇ, ಹಲ್ಲುಚಕ್ರ ತಿರುಗಿಸಿ ಎತ್ತುವುದು. ಅವರಿಗೆ ಹೇಳಿಕೊಡುವುದೇ ಬೇಡ, ಅವರೇ ನಿಮಗೆ ಹೇಳಿಕೊಡುತ್ತಾರೆ.

ಇಲ್ಲಿ ಬಲ ಬೇಕಿಲ್ಲ, ಕ್ರಮ ಬೇಕು. ಇಳಿಯುವಾಗ ಲಾಕ್ ತುಂಬಿರಬೇಕು. ದೋಣಿ ಒಳಗೆ ಹೋಯಿತು, ಮೇಲಿನ ಗೇಟ್ ಮುಚ್ಚಿದಿರಿ, ಕೆಳಗಿನ ಪ್ಯಾಡಲ್ ಎತ್ತಿದಿರಿ, ನೀರು ಇಳಿಯುತ್ತದೆ. ಅಪಾಯ ಇರುವುದು ಇಲ್ಲೇ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಅಂತ ಒಂದು ಕಟ್ಟೆ ಇದೆ, ತುಂಬಿದಾಗ ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಮುಂಭಾಗ ಮಾತ್ರ ಇಳಿಯುತ್ತಾ ಹೋಗುತ್ತದೆ. ದೋಣಿ ಮುಳುಗಿದ ಉದಾಹರಣೆಗಳಿವೆ. ಪಕ್ಕದ ಗೋಡೆಯಲ್ಲಿ ಬಿಳಿ ಗೆರೆ ಹಾಕಿರುತ್ತಾರೆ, ದೋಣಿಯ ಹಿಂಭಾಗ ಅದರ ಮುಂದೆಯೇ ಇರುವಂತೆ ನಿಮ್ಮವರು ನೋಡಿಕೊಳ್ಳಬೇಕು. ನೀವು ಪ್ಯಾಡಲ್ ಎತ್ತುವಾಗ ಫೋನ್ ನೋಡಬೇಡಿ, ಅವರ ಮುಖ ನೋಡಿ. ಅವರು ಕೂಗಿದರೆ ಮರುಮಾತಿಲ್ಲದೆ ಪ್ಯಾಡಲ್ ಇಳಿಸಿ. ಆಮೇಲೆ ಮೇಲಿನಿಂದ ನಿಧಾನವಾಗಿ ನೀರು ಬಿಟ್ಟರೆ ದೋಣಿ ಎದ್ದೇಳುತ್ತದೆ.

ತಂದೆಯವರನ್ನು ಒಂದು ಲಾಕ್ ಮುಂದೆ ಕಳಿಸಿ, ಮುಂದಿನದನ್ನು ತುಂಬಿಡುವುದು ಅವರ ಪಾಲು. ಆದರೆ ಆತುರಪಡಬಾರದು. ಈ ಲಾಕ್‌ಗಳು ತುಂಬ ಹತ್ತಿರ ಹತ್ತಿರ ಇವೆ, ನಡುವಿನ ನೀರು ಸ್ವಲ್ಪವೇ. ಅದಕ್ಕೇ ಲಾಕ್‌ಗಳ ನಡುವಿನ ಕೊಳವನ್ನು ಪಕ್ಕಕ್ಕೆ ಅಗಲಿಸಿ ಕಟ್ಟಿದ್ದಾರೆ. ಆದರೂ ಅವರು ಮೊದಲೇ ನೀರೆಳೆದುಕೊಂಡರೆ ನಡುವಿನ ಮಟ್ಟ ಕುಸಿದು ನೀವು ಕೆಸರಿನಲ್ಲಿ ಕೂರುತ್ತೀರಿ. ನೀವು ಮೇಲಿನದನ್ನು ಖಾಲಿ ಮಾಡಲು ಶುರು ಮಾಡಿದಾಗ ಅವರು ಕೆಳಗಿನದನ್ನು ತುಂಬಲಿ. ನೀರಾವರಿಯವರಿಗೆ ಇದು ಖುಷಿ ಕೊಡುವ ಲೆಕ್ಕ!

ಗೇಟಿನ ಉದ್ದ ತೊಲೆಯನ್ನು ಕೈಯಿಂದ ತಳ್ಳಬೇಡಿ, ಬೆನ್ನು ಕೊಟ್ಟು ಹಿಂದಕ್ಕೆ ನಡೆಯಿರಿ. ನೆಲದಲ್ಲಿ ಉಬ್ಬಿದ ಇಟ್ಟಿಗೆ ಸಾಲುಗಳಿವೆ, ಹಿಮ್ಮಡಿಗೆ ಆಸರೆ. ಮಳೆಯಲ್ಲಿ ಮಾತ್ರ ಜಾರಬಹುದು, ಎಚ್ಚರ. ನೀರಿನ ಮಟ್ಟ ಸಮ ಆಗುವವರೆಗೆ ಯಾರು ತಳ್ಳಿದರೂ ಗೇಟ್ ಅಲುಗುವುದಿಲ್ಲ. ಸಮ ಆದಮೇಲೆ ಅಮ್ಮನೂ ತಳ್ಳಬಹುದು. ಪ್ಯಾಡಲ್ ತಿರುಗಿಸುವ ಹಿಡಿಕೆಯನ್ನು (ವಿಂಡ್ಲಾಸ್) ಮಾತ್ರ ಎಂದೂ ಅದಕ್ಕೆ ಸಿಕ್ಕಿಸಿಯೇ ಬಿಟ್ಟು ಹೋಗಬೇಡಿ. ಹಲ್ಲು ಜಾರಿದರೆ ಅದು ಗಿರ್ರನೆ ತಿರುಗಿ ಕೈ ಮುರಿಯುತ್ತದೆ.

ಹೊತ್ತು: ನಾಲ್ವರಿದ್ದರೆ ಎರಡರಿಂದ ಮೂರು ಗಂಟೆ. ಬಿಟಿ ಟವರ್ ಪಕ್ಕದಲ್ಲೇ ಹೋಗುತ್ತೀರಿ. ಸ್ನೋ ಹಿಲ್ ರೈಲು ಸೇತುವೆಯ ಕೆಳಗಂತೂ ಹಗಲಲ್ಲೂ ಕತ್ತಲು. ಹಿಂದೆ ಇಲ್ಲಿ ದೋಣಿಗಳ ಸಾಲು ಎಷ್ಟಿತ್ತೆಂದರೆ ಗ್ಯಾಸ್ ದೀಪ ಹಾಕಿ ರಾತ್ರಿಯಿಡೀ ಲಾಕ್ ನಡೆಸುತ್ತಿದ್ದರು. ಕೊನೆಗೆ ದಟ್ಟಣೆ ತಪ್ಪಿಸಲೆಂದೇ 1844ರಲ್ಲಿ ಬೇರೆ ಎರಡು ಕಾಲುವೆ ತೆರೆದರು.

ಸೋಲಿಹಲ್ ಸೀನ:
ಹಿಡಿಕೆ ಸರ್ ಹೇಳಿದ್ದೆಲ್ಲ ಸರಿ, ಆದರೆ ಮೊದಲ ದಿನವೇ ಬೇಡ ಅಂತ ನನ್ನ ಅನಿಸಿಕೆ. ಒಂದು ದಿನ ಟಿಪ್ಟನ್ ಕಡೆ ಮೇನ್ ಲೈನ್ ಕಾಲುವೆಯಲ್ಲಿ ಹೋಗಿಬನ್ನಿ. ಫ್ಯಾಕ್ಟರಿ ಲಾಕ್‌ವರೆಗೆ ಒಂದು ಲಾಕೂ ಇಲ್ಲ, ಚುಕ್ಕಾಣಿ ಕೈಗೆ ಹತ್ತುತ್ತದೆ. ಇನ್ನೊಂದು ವಿಷಯ: 13 ಇಳಿದರೆ ಅಲ್ಲಿಗೆ ಮುಗಿಯುವುದಿಲ್ಲ. ಫೇಜ್ಲಿ ದಾರಿಯಲ್ಲಿ ಆಸ್ಟನ್ನಿನ 11 ಲಾಕ್ ಕೂಡಲೇ ಬರುತ್ತವೆ, ಆಮೇಲೆ ಕಾಲುವೆಗಳು ಕೂಡುವ ಸಾಲ್ಫರ್ಡ್ ಜಂಕ್ಷನ್, ತಲೆ ಮೇಲೆ ಸ್ಪಗೆಟಿ ಜಂಕ್ಷನ್‌ನ ಹೆದ್ದಾರಿಗಳು.

ಕೊವೆಂಟ್ರಿ ಕನ್ನಡತಿ:
ಅಯ್ಯೋ, 24 ಲಾಕ್! ನಡುವೆ ರಾತ್ರಿ ಕಟ್ಟಿಹಾಕಿ ಮಲಗಲು ಆಗಲ್ವಾ? ಅಮ್ಮ ಬೇರೆ ದೋಣಿಯಲ್ಲೇ ಕುಕ್ಕರ್ ಇಡುತ್ತೇನೆ ಅನ್ನುತ್ತಿದ್ದಾರೆ.

ಹಳೇ ಹಿಡಿಕೆ:
ಸೀನ ಹೇಳಿದ್ದು ಒಳ್ಳೆಯ ಮಾತು, ಒಪ್ಪಿದೆ. ನಡುವೆ ರಾತ್ರಿ ನಿಲ್ಲುವುದು ಬೇಡ. ನಾನಾದರೆ ಬೆಳಗ್ಗೆ 8ಕ್ಕೆ 13 ಲಾಕ್‌ಗಳ ಮೇಲ್ತುದಿಯ ಕೇಂಬ್ರಿಯನ್ ವಾರ್ಫ್ ಬಿಟ್ಟು, ಸ್ಪಗೆಟಿ ಜಂಕ್ಷನ್ ದಾಟಿ ಮಿನ್‌ವರ್ತ್ ಮುಟ್ಟುವವರೆಗೆ ಹಗ್ಗ ಕಟ್ಟುವುದಿಲ್ಲ. ಅಮ್ಮನಿಗೆ ಸಾಕೆನಿಸಿದರೆ ಮೇಲಿನ ಲಾಕ್‌ಗಳ ಬಳಿಯೇ ದಡಕ್ಕೆ ಇಳಿಸಿಕೊಳ್ಳಿ, ಅಲ್ಲಿಂದ ಊರ ನಡುಭಾಗ ಹತ್ತಿರ. ಆಮೇಲೆ ಇಳಿಸಿ ಎಂದರೆ ಕಷ್ಟ.

ಲಾಕ್ ಇಳಿಯುವಾಗ ಕುಕ್ಕರ್ ಬೇಡವೇ ಬೇಡ. ದೋಣಿ ಗೋಡೆಗೆ ಒಂದು ಸಲ ಗುದ್ದಿದರೆ ಒಲೆ ಮೇಲಿನದೆಲ್ಲ ನೆಲದ ಮೇಲೆ. ಹಿಂದಿನ ರಾತ್ರಿಯೇ ಚಪಾತಿ ಸುತ್ತಿಡಿ, ಮೊಸರನ್ನ ಡಬ್ಬಿಗೆ ಹಾಕಿ. ಊರಿನೊಳಗೆ ಪುಂಡರ ಕಾಟಕ್ಕೆ ಕೆಲವು ಪ್ಯಾಡಲ್‌ಗಳಿಗೆ ಬೀಗ ಹಾಕಿರುತ್ತಾರೆ, ಅದಕ್ಕೆ ಹ್ಯಾಂಡ್‌ಕಫ್ ಕೀ ಬೇಕು. ಬಾಡಿಗೆಯವರು ಕೊಡದಿದ್ದರೆ ಕೇಳಿ ಪಡೆಯಿರಿ. ಹಿಡಿಕೆ ಎರಡು ಇಟ್ಟುಕೊಳ್ಳಿ, ಒಂದಂತೂ ನೀರಿಗೆ ಬೀಳುತ್ತದೆ.

ತಂದೆಯವರಿಗೆ ಇನ್ನೊಂದು ಹೇಳಿ: ತುಂಗಭದ್ರೆಯಿಂದ ಹೊರಡುವ ಕರ್ನೂಲು-ಕಡಪ ಕಾಲುವೆಯನ್ನೂ ನೀರಾವರಿಯ ಜೊತೆಗೆ ದೋಣಿ ಓಡಿಸಲೆಂದೇ ಕಟ್ಟಿದ್ದು, ಅದರಲ್ಲೂ ಲಾಕ್‌ಗಳಿದ್ದವು. ಅವರು ಅದನ್ನು ನೋಡಿದ್ದರೆ ಇಲ್ಲಿ ಬಂದು ಬರೆಯಲಿ, ನನಗೆ ಕೇಳುವುದು ಬಹಳ ಇದೆ.